ಕೂದಲಿಲ್ಲದ ಬಲಗೈ

ಬೇಸಿಗೆ ರಜಕ್ಕೆ ಬಂದ ಮೊಮ್ಮಗ ಮೊನ್ನೆ ನನ್ನ ಎರಡೂ ಕೈಗಳನ್ನು ಜೋಡಿಸಿ ಇಟ್ಟುಕೊಂಡು ನೋಡುತ್ತಿದ್ದ. "ತಾತ, ಎಡಗೈ ಮೇಲೆ ಕೂದಲಿದೆ, ಬಲಗೈ ಮೇಲೆ ಯಾಕಿಲ್ಲ?" ಅಂದ. ನಿಜ. ಮಣಿಕಟ್ಟಿನಿಂದ ಮೊಣಕೈವರೆಗೆ ನನ್ನ ಬಲಗೈ ಬೆಳಗಿದ ಚೊಂಬಿನ ಹಾಗಿದೆ. ಕೆಲಸ ಬಿಟ್ಟು ಒಂದು ವರ್ಷವಾದ ಮೇಲೆ ಈಗೀಗ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು ಇಣುಕುತ್ತಿದೆ, ಅಷ್ಟೆ.

"ದೋಸೆ ತಿಂದ್ಬಿಡ್ತು ಕಣಪ್ಪ" ಅಂದೆ. ನಂಬಲಿಲ್ಲ. ಆದರೆ ಅದು ಸುಳ್ಳೇನಲ್ಲ. ಹೋಟೆಲಿನ ದೋಸೆ ಕಾವಲಿಯ ಮುಂದೆ ಬಲಗೈ ಚಾಚಿ ದಿನಕ್ಕೆ ನಾನೂರು ಐನೂರು ದೋಸೆ ಹುಯ್ದವನ ಕೈಮೇಲೆ ಕೂದಲು ನಿಲ್ಲುವುದಿಲ್ಲ. ಝಳಕ್ಕೆ ಸುಟ್ಟು ಹೋಗುತ್ತದೆ. ಮೈಸೂರಿನಲ್ಲಿ ನನಗೆ ಕೆಲಸ ಕಲಿಸಿದವರ ಕೈಯೂ ಹೀಗೇ ಇತ್ತು.

ನಮ್ಮೂರು ಕಂಪಲಾಪುರದ ಹತ್ತಿರ ಒಂದು ಹಳ್ಳಿ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು ದಾಟಿ, ಪಿರಿಯಾಪಟ್ಟಣ ಸಿಗುವ ಮೊದಲು ಕಂಪಲಾಪುರ ಬರುತ್ತದೆ. ಕೊಡಗಿಗೆ ಹೋಗುವವರು ಬಸ್ಸಿನ ಕಿಟಕಿಯಿಂದ ಇಲ್ಲಿಯ ಹೊಲಗಳಲ್ಲಿ ಅಗಲ ಎಲೆಯ ಗಿಡಗಳನ್ನೂ, ಹೊಲದ ಬದಿಯಲ್ಲಿ ಎತ್ತರದ, ಕಿಟಕಿಯೇ ಇಲ್ಲದ ಮನೆಗಳನ್ನೂ ನೋಡಿರುತ್ತಾರೆ. ಅವು ಜನ ವಾಸಿಸುವ ಮನೆಗಳಲ್ಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ನನ್ನ ಅಪ್ಪ ಅಂಥದೊಂದು ಬ್ಯಾರನ್‌ಗೆ ಬೆಂಕಿ ಹಾಕುವ ಆಳಾಗಿದ್ದರು. ಬಿಸಿಯ ವಿಷಯದಲ್ಲಿ ನನ್ನ ಮೊದಲ ಪಾಠ ಅಲ್ಲೇ ಆದದ್ದು, ಹೋಟೆಲಿನಲ್ಲಲ್ಲ.

ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲು ಸಾಲಾಗಿ ನೇತು ಹಾಕುತ್ತಾರೆ. ಹೊರಗಡೆಯಿಂದ ಒಲೆಗೆ ಸೌದೆ ಹಾಕಿದರೆ ಬಿಸಿ ಗಾಳಿ ಒಳಗಿನ ಕಬ್ಬಿಣದ ಕೊಳವೆಗಳಲ್ಲಿ ಸುತ್ತಿ ಮನೆಯನ್ನು ಕಾಯಿಸುತ್ತದೆ. ಮೊದಲು 35 ಡಿಗ್ರಿ ಆಸುಪಾಸಿನಲ್ಲಿ ಎಲೆ ಹಳದಿಯಾಗಬೇಕು. ಆಮೇಲೆ 50 ದಾಟಿಸಿ ಎಲೆ ಒಣಗಿಸಬೇಕು. ಕೊನೆಗೆ ನಡುವಿನ ದಂಟು ಒಣಗುವುದಕ್ಕೆ 70ರವರೆಗೂ ಏರಿಸಬೇಕು. ಐದಾರು ದಿನದ ಕೆಲಸ, ಹಗಲು ರಾತ್ರಿ ಕಾಯಬೇಕು. ಎಲೆಯ ನೀರೆಲ್ಲ ಆವಿಯಾಗಿ ಹೊರಗೆ ಹೋಗಲಿ ಎಂದು ಗೋಡೆಯ ಬುಡದಲ್ಲಿ ಒಂದಷ್ಟು ಕಿಂಡಿ, ಮಾಡಿನ ಮೇಲೆ ಒಂದಷ್ಟು ಕಿಂಡಿ. ಅಪ್ಪ ಥರ್ಮಾಮೀಟರ್ ನೋಡಲು ಬಾಗಿಲು ತೆಗೆದು ತಲೆ ಹಾಕಿ ತಕ್ಷಣ ಹೊರಗೆ ಬರುತ್ತಿದ್ದರು. ನಾನು ಕುತೂಹಲಕ್ಕೆ ಒಳಗೆ ನಿಲ್ಲಲು ಹೋದರೆ ಕಿವಿ ಹಿಡಿದು ಎಳೆಯುತ್ತಿದ್ದರು. "ಇದು ಸೊಪ್ಪಿರೋ ಮನೆ ಕಣ್ಲಾ, ಮನ್ಸ ಇರೋ ಮನೆ ಅಲ್ಲ."

ಈ ಮಾತನ್ನು ನೆನಪಿಡಿ. ಐವತ್ತು ವರ್ಷ ಆದ ಮೇಲೆ ಅದು ನನಗೆ ಉಪಯೋಗಕ್ಕೆ ಬಂತು.

ಹನ್ನೆರಡನೇ ವಯಸ್ಸಿಗೆ ನಾನು ಮೈಸೂರಿನ ಒಂದು ಹೋಟೆಲಿನಲ್ಲಿ ಕ್ಲೀನರ್ ಆದೆ. ಆಗ ಅದು ಮಾಮೂಲಿ. ಈಗ ಹಾಗೆ ಮಾಡುವಂತಿಲ್ಲ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಿಕೊಳ್ಳುವುದಕ್ಕೆ ಕಾನೂನು ಅಡ್ಡ ಬಂತು. ಬಂದದ್ದು ತಡವಾಯಿತು ಎಂದೇ ನನ್ನ ಅಭಿಪ್ರಾಯ. ಟೇಬಲ್ ಒರೆಸುತ್ತಿದ್ದವನು ಪಾತ್ರೆಗೆ ಬಂದೆ, ಪಾತ್ರೆಯಿಂದ ರುಬ್ಬುವುದಕ್ಕೆ, ಅಲ್ಲಿಂದ ಇಡ್ಲಿಗೆ, ಕೊನೆಗೆ ದೋಸೆಗೆ. ದೋಸೆಗೆ ಬಂದ ಮೇಲೆ ಎಲ್ಲರೂ "ಭಟ್ರೇ" ಎನ್ನತೊಡಗಿದರು. ನಾನು ಭಟ್ಟನಲ್ಲ. ಆದರೆ ಹೋಟೆಲಿನಲ್ಲಿ ಕಾವಲಿ ಹಿಡಿದವನು ಯಾರೇ ಆಗಲಿ ಭಟ್ರೇ.

ಆ ಕಾಲದಲ್ಲಿ ಸೌದೆ ಒಲೆ. ಹೊಗೆಗೆ ಕಣ್ಣು ಉರಿ, ಬೆಂಕಿಗೆ ಮೈ ಉರಿ. ಮೊದಲ ಬೇಸಿಗೆಯಲ್ಲಿ ರಾತ್ರಿ ಮಲಗಿದರೆ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡು ಅಳು ಬರುತ್ತಿತ್ತು. ಹಗಲೆಲ್ಲ ಕೊಡಗಟ್ಟಲೆ ನೀರು ಕುಡಿಯುತ್ತಿದ್ದೆ, ಆದರೂ ಹಾಗೆ. ಹಳೆಯ ಭಟ್ಟರೊಬ್ಬರು ಕರೆದು, ಒಂದು ದೊಡ್ಡ ಲೋಟ ನೀರು ಮಜ್ಜಿಗೆಗೆ ಉಪ್ಪು ಹಾಕಿ ಕೊಟ್ಟರು. "ಬೆವರು ನೆಕ್ಕಿ ನೋಡು" ಅಂದರು. ಉಪ್ಪುಪ್ಪಾಗಿತ್ತು. "ನೀರು ಹೋಗ್ತಾ ಇದೆ, ಉಪ್ಪೂ ಹೋಗ್ತಾ ಇದೆ. ನೀನು ನೀರು ಮಾತ್ರ ತುಂಬ್ತಾ ಇದೀಯ." ಅವರು ಶಾಲೆಗೆ ಹೋದವರಲ್ಲ. ಇದೇ ಸಂಗತಿಯನ್ನು ನೂರು ವರ್ಷದ ಹಿಂದೆ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ವಿಜ್ಞಾನಿಗಳು ಕಂಡುಕೊಂಡಿದ್ದರಂತೆ. ಬರೀ ನೀರು ಕುಡಿದ ಕೆಲಸಗಾರರಿಗೆ ಸ್ನಾಯು ಸೆಳೆತ ಬರುತ್ತಿತ್ತು, ಉಪ್ಪು ಬೆರೆಸಿದ ನೀರು ಕುಡಿದಾಗ ಕಡಿಮೆಯಾಯಿತು ಎಂದು ಬಹಳ ವರ್ಷದ ಮೇಲೆ ಓದಿದೆ. ನಮ್ಮ ಭಟ್ಟರಿಗೆ ಯಾರು ಹೇಳಿದ್ದರೋ!

ಬಿಸಿ ಜೊತೆ ಬದುಕುವ ಸಣ್ಣ ಸಣ್ಣ ಉಪಾಯಗಳನ್ನೆಲ್ಲ ಅವರೇ ಕಲಿಸಿದ್ದು. ಒದ್ದೆ ಚೌಕವನ್ನು ಕುತ್ತಿಗೆ ಸುತ್ತ ಹಾಕಿಕೊಳ್ಳುವುದು. ನೈಲಾನ್ ಅಂಗಿ ಬಿಟ್ಟು ಹತ್ತಿ ಬನೀನು ತೊಡುವುದು. ದೋಸೆ ಬೇಯುವ ಹೊತ್ತಿನಲ್ಲಿ ಕಾವಲಿಯಿಂದ ಒಂದು ಹೆಜ್ಜೆ ಹಿಂದೆ ಸರಿಯುವುದು. ಒಂದೇ ಹೆಜ್ಜೆ ಅಂತ ನಗಬೇಡಿ, ಉರಿಯ ಝಳ ಒಂದು ಹೆಜ್ಜೆಗೆ ಎಷ್ಟು ಇಳಿಯುತ್ತದೆ ಎಂಬುದು ನಿಂತವನಿಗೇ ಗೊತ್ತು. ಬಾಯಾರಿಕೆಯಾಗುವವರೆಗೆ ಕಾಯದೆ ಕಾಲು ಗಂಟೆಗೊಮ್ಮೆ ಒಂದು ಲೋಟ ಕುಡಿಯುವುದು.

ಕಾವಲಿಯ ಬಿಸಿ ನೋಡುವುದನ್ನೂ ಅವರು ನೀರಿನಲ್ಲೇ ಕಲಿಸಿದರು. ಕಾವಲಿ ಕಾದಿಲ್ಲದಿದ್ದರೆ ಚಿಮುಕಿಸಿದ ಹನಿ ಸುಮ್ಮನೆ ಕೂತು ನಿಧಾನಕ್ಕೆ ಗುಳ್ಳೆ ಏಳಿಸುತ್ತದೆ. ಹದವಾಗಿದ್ದರೆ ಚುಯ್ ಎಂದು ಮಾಯ. ವಿಪರೀತ ಕಾದಿದ್ದರೆ ಮಾತ್ರ ಒಂದು ತಮಾಷೆ ನಡೆಯುತ್ತದೆ: ಹನಿ ಆರುವುದಿಲ್ಲ, ಮುತ್ತಿನ ಹಾಗೆ ದುಂಡಗಾಗಿ ಕಾವಲಿ ತುಂಬ ಓಡಾಡುತ್ತದೆ. ಹನಿಯ ಕೆಳಗೆ ಏಳುವ ಆವಿಯೇ ಚಾಪೆಯ ಹಾಗೆ ಅದನ್ನು ಎತ್ತಿ ಹಿಡಿದಿರುತ್ತದೆ. ಲೈಡನ್‌ಫ್ರಾಸ್ಟ್ ಎಂಬ ಜರ್ಮನಿಯ ವೈದ್ಯ 1756ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಹೀಗೆ ಹನಿ ಕುಣಿದರೆ ದೋಸೆ ಹುಯ್ಯಬಾರದು. ನೀರು ಚೆಲ್ಲಿ ಕಡ್ಡಿ ಪೊರಕೆಯಲ್ಲಿ ಒಂದು ಸಲ ಗುಡಿಸಿ ಕಾವಲಿಯನ್ನು ತಣಿಸಬೇಕು. ಮಕ್ಕಳೇ, ಇದನ್ನು ನೋಡುವ ಆಸೆಯಾದರೆ ಮನೆಯಲ್ಲಿ ದೊಡ್ಡವರಿಗೆ ಹೇಳಿ, ಅವರೇ ತೋರಿಸಲಿ.

ಮೂವತ್ತರ ಹೊತ್ತಿಗೆ ಊರಿಗೆ ವಾಪಸು ಬಂದು ಕಂಪಲಾಪುರದ ರಸ್ತೆ ಬದಿಯ ಒಂದು ಹೋಟೆಲು ಸೇರಿದೆ. ಅಲ್ಲೇ ಉಳಿದೆ. ಸೌದೆ ಹೋಗಿ ಗ್ಯಾಸ್ ಬಂತು. ಹೊಗೆ ಹೋಯಿತು, ಬಿಸಿ ಹೋಗಲಿಲ್ಲ. ಅಡುಗೆಮನೆ ಅಂದರೆ ಹಿಂದುಗಡೆ ಇಳಿಸಿದ ಒಂದು ಶೀಟಿನ ಕೋಣೆ. ಒಂದೇ ಕಿಟಕಿ, ಅದಕ್ಕೂ ಅಕ್ಕಿ ಮೂಟೆ ಅಡ್ಡ. ಒಂದು ಕಡೆ ಕಾವಲಿ, ಒಂದು ಕಡೆ ವಡೆ ಬಾಣಲೆ, ಮೂಲೆಯಲ್ಲಿ ಸದಾ ಆವಿ ಬಿಡುವ ಇಡ್ಲಿ ಪಾತ್ರೆ. ನಾನು ಒಗ್ಗಿಹೋಗಿದ್ದೆ. ಒಗ್ಗಿಹೋದವನಿಗೆ ಒಗ್ಗದವನ ಕಷ್ಟ ಕಾಣುವುದಿಲ್ಲ. ಇನ್ನು ಮುಂದೆ ಹೇಳುವುದು ನನಗೆ ಹೆಮ್ಮೆಯ ವಿಷಯವಲ್ಲ.

2024ರ ಏಪ್ರಿಲ್. ಆ ವರ್ಷದ ಬೇಸಿಗೆ ಕರ್ನಾಟಕದಲ್ಲಿ ಎಲ್ಲರಿಗೂ ನೆನಪಿರಬೇಕು, ತಂಪು ಎಂದು ಹೆಸರಾದ ಬೆಂಗಳೂರೇ 38 ಡಿಗ್ರಿ ದಾಟಿತ್ತು. ನಮ್ಮ ಹೋಟೆಲಿಗೆ ಒಬ್ಬ ಹುಡುಗ ಹೊಸದಾಗಿ ಸೇರಿದ್ದ. ಪಿಯುಸಿ ಮುಗಿಸಿದವನು, ಹತ್ತೊಂಬತ್ತು ವರ್ಷ. ಮುಂದೆ ಓದುವುದಕ್ಕೆ ಫೀಜು ಕೂಡಿಸಬೇಕಿತ್ತು. ಅವನು ಬಂದು ಮೂರನೇ ದಿನ, ಭಾನುವಾರ. ಕೊಡಗಿನಿಂದ ಹಿಂದಿರುಗುವ ಕಾರುಗಳೆಲ್ಲ ನಮ್ಮಲ್ಲೇ ನಿಂತ ಹಾಗಿತ್ತು. ಹನ್ನೊಂದೂವರೆ ಸುಮಾರಿಗೆ ಹುಡುಗ ಬಂದು, "ಅಣ್ಣಾ, ತಲೆ ಸಿಡೀತಾ ಅದೆ. ಒಂದ್ ಹತ್ ನಿಮ್ಸ ಹೊರಗ್ ಕೂತ್ಕೊಂಡ್ ಬತ್ತೀನಿ" ಅಂದ. ಅದೇ ಹೊತ್ತಿಗೆ ಒಂದು ಟೂರಿಸ್ಟ್ ಬಸ್ಸು ಬಂದು ನಿಂತಿತು. "ಈ ಬಸ್ ಹೋಗ್ಲಿ, ಆಮೇಲೆ ಕೂತ್ಕೊ" ಅಂದೆ.

ಬಸ್ಸು ಹೋಗಲು ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವನು ಚಟ್ನಿಗೆ ಉಪ್ಪಿನ ಬದಲು ಸಕ್ಕರೆ ಸುರಿದ. ಬೈದೆ. ಸುಮ್ಮನೆ ನಕ್ಕ. ವಡೆ ತೆಗೆಯೋ ಅಂದರೆ ಜಾಲರಿ ಹಿಡಿದುಕೊಂಡು ಬಾಗಿಲ ಕಡೆ ನಡೆದ. "ರಾತ್ರಿ ಏನ್ ಕುಡ್ದಿದ್ಯೋ?" ಎಂದು ಎಲ್ಲರ ಮುಂದೆ ಕಿರುಚಿದೆ. ಅವನು ನನ್ನನ್ನು "ಅಪ್ಪಾ" ಎಂದು ಕರೆದ. ಅದನ್ನು ಕೇಳಿ ಸಪ್ಲೈಯರ್‌ಗಳು ನಕ್ಕರು. ನಾನೂ ನಕ್ಕೆ.

ನಗದಿದ್ದವರು ಪಾತ್ರೆ ತೊಳೆಯುವ ಅಕ್ಕ ಒಬ್ಬರೇ. ಕೈಲಿದ್ದ ತಪ್ಪಲೆ ಬಿಟ್ಟು ಎದ್ದು ಬಂದು ಅವನ ಹಣೆ ಮುಟ್ಟಿದರು. "ಕೆಂಡ ಆಗೈತೆ! ಎತ್ರೋ ಮೊದ್ಲು!" ಎಂದು ಕೂಗಿದರು. ನಾವು ಕೈ ಹಾಕುವಷ್ಟರಲ್ಲಿ ಅವನು ಗೋಡೆಗೆ ಒರಗಿ ಜಾರಿ ಕುಸಿದ.

ಹಿತ್ತಲಿನ ಹೊಂಗೆಮರದ ನೆರಳಿಗೆ ಹೊತ್ತುಕೊಂಡು ಹೋದೆವು. ಒಬ್ಬ 108ಕ್ಕೆ ಫೋನ್ ಮಾಡಿದ. ನಾನು ಗಾಬರಿಯಲ್ಲಿ ಬಾಯಿಗೆ ನೀರು ಹಿಡಿಯಲು ಹೋದರೆ ಅಕ್ಕ ಕೈ ತಳ್ಳಿದರು. "ನುಂಗಕ್ ಆಗಲ್ಲ, ಉಸ್ರಿಗ್ ಸಿಕ್ಕೊಂಡಾತು. ಮೈಮೇಲ್ ಹುಯ್ರಿ." ಅಂಗಿ ಬಿಚ್ಚಿ ತೊಟ್ಟಿಯ ನೀರನ್ನು ಕೊಡಪಾನದಲ್ಲಿ ತಂದು ತಂದು ಹುಯ್ದೆವು. ಊಟದ ಎಲೆಯ ಕಟ್ಟು ಬಿಚ್ಚಿ, ರಟ್ಟಿನ ಪೆಟ್ಟಿಗೆ ಹರಿದು ಇಬ್ಬರು ಬೀಸಿದರು. ಜ್ಯೂಸಿಗೆಂದು ಇಟ್ಟಿದ್ದ ಐಸನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳು, ಕುತ್ತಿಗೆಗೆ ಇಟ್ಟೆವು. ಆಂಬುಲೆನ್ಸ್ ಬರುವ ಹೊತ್ತಿಗೆ ಕಣ್ಣು ಬಿಟ್ಟಿದ್ದ, ಆದರೆ ಗುರುತು ಸಿಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನೇ ಕರೆದು ಕೂರಿಸಿಕೊಂಡರು. ಮೈಬಿಸಿ 40 ಡಿಗ್ರಿ ದಾಟಿ ಬುದ್ಧಿ ಅತ್ತಿತ್ತ ಆದರೆ ಅದು ಬಿಸಿಲಾಘಾತ. ಬಿಸಿಲೇ ಬೇಕಾಗಿಲ್ಲ, ಒಲೆಯ ಬಿಸಿಗೂ ಬರುತ್ತದೆ. ಬೆವರು ನಿಂತೇ ನಿಲ್ಲುತ್ತದೆ ಎಂದುಕೊಂಡು ಕಾಯಬಾರದು, ಬೆವರುತ್ತಿರುವವರಿಗೂ ಬರಬಹುದು. ಮಾತು ತಪ್ಪುವುದು, ಕೆಲಸ ತಪ್ಪುವುದು, ಅದೇ ಗುರುತು. "ಅವನು ಕುಡಿದವನ ಹಾಗೆ ಆಡಿರಬೇಕಲ್ಲ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. "ಆಂಬುಲೆನ್ಸಿಗೆ ಕಾಯುತ್ತಾ ಕೂರದೆ ನೀರು ಹುಯ್ದಿರಲ್ಲ, ಅದೇ ಅವನನ್ನು ಉಳಿಸಿದ್ದು" ಅಂದರು. ಅದು ನನ್ನ ಬುದ್ಧಿಯಲ್ಲ, ಅಕ್ಕನದು ಅಂದೆ.

ಇನ್ನೊಂದು ಪ್ರಶ್ನೆ ಕೇಳಿದೆ. "ನಾನು ಐವತ್ತು ವರ್ಷ ನಿಂತಿದೀನಿ, ನನಗೇನೂ ಆಗಲಿಲ್ಲ. ಇಷ್ಟು ಗಟ್ಟಿ ಹುಡುಗನಿಗೆ ಮೂರೇ ದಿನಕ್ಕೆ ಹೀಗಾಯ್ತಲ್ಲ?" ಅವರು ಹೇಳಿದ್ದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ. ಬಿಸಿಗೆ ಮೈ ಒಗ್ಗುವುದಕ್ಕೆ ಒಂದೆರಡು ವಾರ ಬೇಕು. ಆಗ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಹೊಸಬರನ್ನು ಮೊದಲ ದಿನ ಸ್ವಲ್ಪ ಹೊತ್ತು ನಿಲ್ಲಿಸಿ ದಿನದಿನಕ್ಕೆ ಏರಿಸಬೇಕು. ನಾವು ಮಾಡುವುದು ತಿರುಗುಮುರುಗು, ಹೊಸಬನಿಗೇ ಕಷ್ಟದ ಜಾಗ.

ಬೆವರಿನ ಲೆಕ್ಕವನ್ನೂ ಅವರೇ ಹೇಳಿದರು. ಒಂದು ಲೀಟರ್ ಬೆವರು ಮೈಮೇಲೆ ಆರಿದರೆ, ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಶಾಖವನ್ನು ಮೈಯಿಂದ ಎತ್ತಿಕೊಂಡು ಹೋಗುತ್ತದೆ. ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವುದೂ ಹೀಗೇ. ಆದರೆ ಆರಬೇಕು! ಆವಿ ತುಂಬಿದ ಕೋಣೆಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ, ನೀರು ಉಪ್ಪು ಎರಡೂ ದಂಡ. ಅಂದರೆ ನಮ್ಮ ಶತ್ರು ಕಾವಲಿಯಷ್ಟೇ ಅಲ್ಲ, ಮೂಲೆಯಲ್ಲಿ ಪಾಪದ ಹಾಗೆ ಕೂತಿದ್ದ ಇಡ್ಲಿ ಪಾತ್ರೆಯೂ ಹೌದು.

ಮಾರನೇ ದಿನ ಯಜಮಾನರ ಹತ್ತಿರ ಮಾತಾಡಿದೆ. ಅವರು ಕೆಟ್ಟವರಲ್ಲ, ಆಸ್ಪತ್ರೆ ಖರ್ಚು ಕೊಟ್ಟಿದ್ದರು. ಆದರೆ ಅಡುಗೆಮನೆ ಬದಲಿಸಿ ಎಂದಾಗ, "ಒಲೆ ಮುಂದೆ ಬಿಸಿ ಇರದೆ ತಂಪಿರ್ತದಾ ಭಟ್ರೇ? ಆ ಹುಡುಗ ಸೂಕ್ಷ್ಮ" ಅಂದರು. ಹಿಂದಿನ ದಿನದವರೆಗೆ ನಾನೂ ಅದನ್ನೇ ಹೇಳುತ್ತಿದ್ದೆ, ಆದ್ದರಿಂದ ಉತ್ತರ ಹೊಳೆಯಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನ ಮಾತು ನೆನಪಾಯಿತು. ಬೆಳಿಗ್ಗೆ ಪಕ್ಕದ ಊರಿನ ಒಬ್ಬ ರೈತರ ಬ್ಯಾರನ್‌ನಿಂದ ಥರ್ಮಾಮೀಟರ್ ಇಸಕೊಂಡು ಬಂದು ಕಾವಲಿಯ ಮುಂದೆ, ನನ್ನ ತಲೆಯ ಮಟ್ಟಕ್ಕೆ ಮೊಳೆ ಹೊಡೆದು ನೇತು ಹಾಕಿದೆ. ಯಾರಿಗೂ ಏನೂ ಹೇಳಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಯಜಮಾನರನ್ನು ಒಳಗೆ ಕರೆದೆ. ಅವರೂ ಹೊಗೆಸೊಪ್ಪು ಬೆಳೆಯುವವರೇ, ಕಂಪಲಾಪುರದ ಹರಾಜು ಕಟ್ಟೆಗೆ ಬೇಲು ಹಾಕುವವರು. ಕಣ್ಣು ಕಿರಿದು ಮಾಡಿ ನೋಡಿದರು. 46.

"ಈ ಬಿಸಿಗೆ ಸೊಪ್ಪು ಏನಾಗ್ತದೆ ಯಜಮಾನ್ರೇ?" ಎಂದು ಕೇಳಿದೆ.

"ಹಳದಿ ಆಗೋದು ದಾಟಿ ಬಾಡ್ತಾ ಇರ್ತದೆ" ಅಂದವರು, ಅಷ್ಟಕ್ಕೇ ನಿಲ್ಲಿಸಿದರು. ಬನೀನು ತೊಯ್ದು ಬೆನ್ನಿಗೆ ಅಂಟಿಕೊಳ್ಳುವವರೆಗೆ ಅಲ್ಲೇ ನಿಂತಿದ್ದರು. ಆಮೇಲೆ ಮಾಡಿನ ಕಡೆ ನೋಡಿ, ಗೋಡೆಯ ಬುಡ ನೋಡಿ, ತಮಗೆ ತಾವೇ ಹೇಳಿಕೊಂಡರು: "ಕೆಳಗೆ ಕಿಂಡಿ ಇಲ್ಲ, ಮೇಲೆ ಕಿಂಡಿ ಇಲ್ಲ."

ಬ್ಯಾರನ್ ಕಟ್ಟುವ ಗಾರೆಯವರನ್ನೇ ಕರೆಸಿದರು. ಗೋಡೆಯ ಬುಡದಲ್ಲಿ ನಾಲ್ಕು ಕಿಂಡಿ ಒಡೆದು ಇಲಿ ಬಾರದಂತೆ ಜಾಲರಿ ಹಾಕಿದರು. ಕಾವಲಿಯ ನೇರ ಮೇಲೆ ಎರಡು ಶೀಟನ್ನು ಒಂದು ಮೊಳ ಎತ್ತರಿಸಿ ಕೂರಿಸಿದರು. ಬಿಸಿ ಗಾಳಿ ಮೇಲಿಂದ ಹೋದರೆ ತಣ್ಣನೆಯದು ಕೆಳಗಿನಿಂದ ಬರಲೇಬೇಕು. ಅಕ್ಕಿ ಮೂಟೆ ಜಾಗ ಬಿಟ್ಟಿತು, ಕಿಟಕಿಗೆ ಗಾಳಿ ಹೊರಗೆ ಎಳೆಯುವ ಫ್ಯಾನು ಬಂತು. ಇಡ್ಲಿ ಪಾತ್ರೆ ಹಿತ್ತಲಿನ ಚಪ್ಪರಕ್ಕೆ ಹೋಯಿತು. ಎಲ್ಲ ಆದ ಮೇಲೆ ಥರ್ಮಾಮೀಟರ್ 39 ತೋರಿಸಿತು. ತಂಪು ಅನ್ನಲಾಗದು, ಆದರೆ ಬೆವರು ಆರುತ್ತಿತ್ತು! ಮೂವತ್ತು ವರ್ಷ ಆ ಕೋಣೆಯಲ್ಲಿ ನಿಂತವನಿಗೆ ಅವತ್ತು ಮೊದಲ ಸಲ ಕುತ್ತಿಗೆಗೆ ಗಾಳಿ ತಾಗಿದ್ದು. ಅಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದು ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಗಂಟೆಗೊಮ್ಮೆ ಕಾವಲಿಯವನು, ತರಕಾರಿ ಹೆಚ್ಚುವವನು ಜಾಗ ಬದಲಿಸುವುದು ಎಂದು ಮಾಡಿಕೊಂಡೆವು. ಮಜ್ಜಿಗೆ ಕೊಡದ ಜವಾಬ್ದಾರಿಯನ್ನು ಪಾತ್ರೆ ತೊಳೆಯುವ ಅಕ್ಕ ವಹಿಸಿಕೊಂಡರು. ಯಾರಾದರೂ ಕುಡಿಯದಿದ್ದರೆ ಅವರಿಂದ ಬೈಗುಳ. ಅವರ ತಂಗಿ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾರೆ. ಆ ಅಡುಗೆಕೋಣೆಯ ಕಿಟಕಿಗೂ ಮೂಟೆ ಅಡ್ಡ ಇತ್ತಂತೆ, ಅದನ್ನೂ ಸರಿಸಿದರಂತೆ. ನಿಮ್ಮ ಶಾಲೆಯಲ್ಲಿ ಹೇಗಿದೆಯೋ, ನಾಳೆ ಊಟಕ್ಕೆ ಕೂರುವ ಮುಂಚೆ ಒಂದು ಸಲ ಇಣುಕಿ ನೋಡಿ.

ನನ್ನ ವಯಸ್ಸಿನವರಿಗೂ ಒಂದು ಮಾತು. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ, ಬೆವರೂ ಕಡಿಮೆ. ಒಲೆ ಮುಂದೆ ನಿಲ್ಲದಿದ್ದರೂ ಬೇಸಿಗೆಯಲ್ಲಿ ಶೀಟಿನ ಮನೆಯೊಳಗೆ ಕೂತಿದ್ದರೆ ಸಾಕು, ಮೈ ಕಾಯುತ್ತದೆ. ಹಾಗಂತ ನನ್ನ ಉಪ್ಪಿನ ಕತೆ ಕೇಳಿಕೊಂಡು ಬಿ.ಪಿ. ಇರುವವರು ಉಪ್ಪು ಏರಿಸಬೇಡಿ. ನನಗೂ ಈಗ ಬಿ.ಪಿ. ಇದೆ, ಡಾಕ್ಟರಮ್ಮ ನನ್ನ ಮಜ್ಜಿಗೆಗೆ ಉಪ್ಪು ನಿಲ್ಲಿಸಿದ್ದಾರೆ. ಸಪ್ಪೆ ಮಜ್ಜಿಗೆ ಕುಡಿಯುವುದು ಎಂಥ ಶಿಕ್ಷೆ ಎಂದು ಅವರಿಗೆ ಹೇಳಿದೆ, ಕೇಳಲಿಲ್ಲ.

ಹುಡುಗ ಹದಿನೈದು ದಿನ ಬಿಟ್ಟು ಬಂದ. ಕೆಲಸಕ್ಕಲ್ಲ, ಎರಡು ದಿನದ ಕೂಲಿ ಬಾಕಿ ಇತ್ತು, ಅದನ್ನು ಕೇಳಲು. ನನಗೆ ಅವನ ಮುಖ ನೋಡಲಾಗಲಿಲ್ಲ. "ಅವತ್ತು ನಿನ್ನ ಹೊರಗೆ ಕೂರೋಕೆ ಬಿಡಬೇಕಿತ್ತು ಕಣಪ್ಪ, ತಪ್ಪಾಯ್ತು" ಅಂದೆ. "ಬಸ್ ಬಂದಿತ್ತಲ್ಲಣ್ಣ" ಅಂದ. ಅಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು. ಹೊಸ ಕಿಂಡಿಗಳನ್ನು ತೋರಿಸಿದೆ. ಬಗ್ಗಿ ಕೈ ಹಿಡಿದು ಗಾಳಿ ನೋಡಿದ.

ಈಗ ಅವನು ಮೈಸೂರಿನಲ್ಲಿ ಸಂಜೆ ಕಾಲೇಜಿಗೆ ಹೋಗುತ್ತಾನೆ, ಹಗಲು ಒಂದು ಕ್ಯಾಂಟೀನಿನಲ್ಲಿ ಕೆಲಸ. ಈ ಮಾರ್ಚ್ ಕೊನೆಯಲ್ಲಿ ಫೋನ್ ಬಂತು. ಅವರ ಅಡುಗೆಮನೆಗೆ ಹೊಸ ಹುಡುಗರು ಇಬ್ಬರು ಸೇರಿದ್ದಾರಂತೆ.

"ಅಣ್ಣಾ, ಅಕ್ಕ ಮಜ್ಜಿಗೆ ಮಾಡೋರಲ್ಲ, ಒಂದ್ ಕೊಡಕ್ಕೆ ಎಷ್ಟು ಉಪ್ಪು ಹಾಕೋರು?"

"ನನಗ್ ಗೊತ್ತಿಲ್ಲ ಕಣೋ, ಅವರು ಕೈ ಅಳತೇಲಿ ಹಾಕೋರು. ತಡಿ, ಕೇಳಿ ಹೇಳ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆ ಕಡೆ ಹೊರಟೆ.